ಏನು ಅಡುಗೆ ಮಾಡಲಿ?

ಇವತ್ತು ಮಧ್ಯಾಹ್ನ ಕೌಸಾ ಮಾಡಿದೆ. ಪೆರುವಿನ ತಿನಿಸು. ಬೇಯಿಸಿದ ಆಲೂಗಡ್ಡೆಯನ್ನು ಬಿಸಿ ಇರುವಾಗಲೇ ನುಣ್ಣಗೆ ಹಿಸುಕಬೇಕು. ಆರಿದರೆ ಗಂಟು ಉಳಿಯುತ್ತದೆ. ನಿಂಬೆರಸ, ಎಣ್ಣೆ, ಉಪ್ಪು, ಅರೆದ ಹಳದಿ ಮೆಣಸಿನಕಾಯಿ ಹಾಕಿ ಕಲಸಿ, ಮಧ್ಯೆ ಬೆಣ್ಣೆಹಣ್ಣು ಇಟ್ಟು, ತಣ್ಣಗಾದ ಮೇಲೆ ತಿನ್ನೋದು. ನನಗೆ ಹಳದಿ ಮೆಣಸಿನಕಾಯಿ ಸಿಗಲಿಲ್ಲ, ಬ್ಯಾಡಗಿ ಹಾಕಿದೆ.

ಹಿಸುಕುತ್ತಾ, ಟೀವಿಯಲ್ಲಿ ಪೆರುವಿಗೆ ಅಡುಗೆ ಕಲಿಸಿದ ತೆರೇಸಾ ಒಕಾಂಪೊ ನೆನಪಾದರು. ಆಲೂಗಡ್ಡೆಯ ತವರು ಆಂಡೀಸ್ ಸೀಮೆಯ ಕುಸ್ಕೋದಲ್ಲಿ ಹುಟ್ಟಿದವರು. ಪ್ಯಾರಿಸ್‌ನಲ್ಲಿ ಅಡುಗೆ ಕಲಿತರು. ಪೆರುವಿಗೆ ಟೀವಿ ಬಂದದ್ದು 1958ರಲ್ಲಿ. ಆ ಹೊಸದರಲ್ಲೇ ಅಡುಗೆ ತೋರಿಸಲು ಶುರುಮಾಡಿ ದಶಕಗಳ ಕಾಲ ಮುಂದುವರಿಸಿದರು. ಪುಸ್ತಕಗಳನ್ನೂ ಬರೆದರು.

ಕಾರ್ಯಕ್ರಮದ ಹೆಸರೇ ‘ಏನು ಅಡುಗೆ ಮಾಡಲಿ?’ ಅಂತ. ದಿನಾ ಬೆಳಗಾದರೆ ಎಲ್ಲ ಮನೆಯಲ್ಲೂ ಏಳೋ ಪ್ರಶ್ನೆ, ಅಲ್ವಾ? ಅದನ್ನು ಸಣ್ಣದು ಅಂತ ಬಿಡದೆ, ಇಡೀ ಜೀವನ ಅದಕ್ಕೇ ಉತ್ತರ ಹೇಳಿದರು.

ಈಗ ಪೆರುವಿನ ಅಡುಗೆ ಅಂದರೆ ಬಾಣಸಿಗ ಗಾಸ್ತೋನ್ ಅಕೂರಿಯೊ ಹೆಸರು ಬರುತ್ತದೆ, ರಾಜಧಾನಿ ಲಿಮಾದ ದೊಡ್ಡ ದೊಡ್ಡ ಹೋಟೆಲ್‌ಗಳು ಬರುತ್ತವೆ. ಬರಲಿ, ಸಂತೋಷ. ಮನೆ ಒಲೆ ಮುಂದೆ ನಿಂತವರಿಗೆ ಕಲಿಸಿದ ಈ ತಾಯಿಯ ಹೆಸರೂ ಅಷ್ಟೇ ಜೋರಾಗಿ ಕೇಳಬೇಕು ಅಂತ ನನ್ನಾಸೆ.