ಗುಂಯ್ ಅಂತಿತ್ತು, ನೀರು ಮಾತ್ರ ಹೋಗಲಿಲ್ಲ

ಬೆಳಿಗ್ಗೆ ಎದ್ದು ಪಾತ್ರೆ ತೆಗೆಯೋಣ ಅಂತ ಡಿಶ್‌ವಾಶರ್ ಬಾಗಿಲು ತೆರೆದೆ. ತಳದಲ್ಲಿ ನಾಲ್ಕು ಬೆರಳು ನೀರು ನಿಂತಿತ್ತು. ಮಬ್ಬು ನೀರು, ಮೇಲೆ ಜಿಡ್ಡಿನ ಪದರ. ವಾಸನೆ ಬಗ್ಗೆ ಕೇಳಬೇಡಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಫಿಲ್ಟರ್ ಕೆಳಗಿನ ಗುಂಡಿಯಲ್ಲಿ ಸ್ವಲ್ಪ ನೀರು ಯಾವಾಗಲೂ ಉಳಿಯುತ್ತದೆ, ಅದು ದೋಷ ಅಲ್ಲ. ಪಂಪಿನ ರಬ್ಬರ್ ಸೀಲ್ ಒಣಗದೆ ಇರಲಿಕ್ಕೆ ಅದು ಬೇಕೇ ಬೇಕು. ಅದನ್ನು ನೋಡಿ ಗಾಬರಿಯಾಗಿ ಯಂತ್ರ ಬಿಚ್ಚಿದವರಿದ್ದಾರೆ. ನೀರು ಫಿಲ್ಟರ್ ದಾಟಿ ತಳದ ತುಂಬಾ ಹರಡಿಕೊಂಡಿದ್ದರೆ ಮಾತ್ರ ತಲೆ ಕೆಡಿಸಿಕೊಳ್ಳಿ. ನನ್ನದು ಹಾಗೇ ಇತ್ತು.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ, ಇನ್ನೊಂದು ಸಲ ಓಡಿಸಿ ನೋಡಿದೆ. ಏನೂ ಉಪಯೋಗ ಆಗಲಿಲ್ಲ. ಆಮೇಲೆ ಪ್ಲಗ್ ತೆಗೆದು, ಮಗ್‌ನಲ್ಲಿ ನೀರು ಮೊಗೆದು, ಉಳಿದದ್ದನ್ನು ಸ್ಪಂಜಿನಲ್ಲಿ ಹಿಂಡಿ ತೆಗೆದೆ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ನೀರಿರುವ ಜಾಗದಲ್ಲಿ ಕೈ ಹಾಕುವ ಕೆಲಸ ಇದು.

ಫಿಲ್ಟರ್ ಎಡಕ್ಕೆ ತಿರುಗಿಸಿದರೆ ಮೇಲೆ ಬಂತು. ನನ್ನದರಲ್ಲಿ ಎರಡು ಭಾಗ, ಒಂದು ಉದ್ದನೆಯ ಜಾಲರಿ ಲೋಟ, ಇನ್ನೊಂದು ಚಪ್ಪಟೆ ತಟ್ಟೆ. ಕೊನೆಯ ಸಲ ಯಾವಾಗ ತೊಳೆದಿದ್ದೆ ಅಂತ ನೆನಪಿರಲಿಲ್ಲ, ಅದನ್ನು ನೋಡಿದ ಮೇಲೆ ನೆನಪು ಮಾಡಿಕೊಳ್ಳುವುದೂ ಬೇಡ ಅನ್ನಿಸಿತು. ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಬಿಸಿನೀರು ಹಾಕಿ ಉಜ್ಜಿದೆ. ತಿರುಗಿ ಕೂರಿಸಿದೆ. ಆ ರಾತ್ರಿ ನೀರು ಹೋಯಿತು. ಇಷ್ಟೇನಾ ಅಂತ ಬೀಗಿದೆ.

ಮೂರನೇ ದಿನ ಮತ್ತೆ ನೀರು.

ಈ ಸಲ ಪಕ್ಕದಲ್ಲಿ ಕೂತು ಕೇಳಿಸಿಕೊಂಡೆ. ಎರಡು ಲೀಟರ್ ನೀರು ಸುರಿದು, ನಡೆಯುತ್ತಿರುವ ಪ್ರೋಗ್ರಾಂ ರದ್ದು ಮಾಡಿದೆ. ಬಹಳಷ್ಟು ಯಂತ್ರಗಳಲ್ಲಿ ಸ್ಟಾರ್ಟ್ ಬಟನ್ ಮೂರು ಸೆಕೆಂಡು ಒತ್ತಿ ಹಿಡಿದರೆ ರದ್ದಾಗುತ್ತದೆ, ಆಗ ಅದು ಮೊದಲು ಒಳಗಿನ ನೀರು ಹೊರಹಾಕಲು ನೋಡುತ್ತದೆ. ಆ ಹೊತ್ತಿನಲ್ಲಿ ಏನು ಸದ್ದು ಬರುತ್ತದೋ ಅದರಲ್ಲೇ ಅರ್ಧ ಉತ್ತರ ಇದೆ. ಏನೂ ಸದ್ದಿಲ್ಲ ಅಂದರೆ ಪಂಪಿಗೆ ಕರೆಂಟೇ ಹೋಗುತ್ತಿಲ್ಲ ಅಥವಾ ಅದರೊಳಗಿನ ತಂತಿ ಸುರುಳಿ ಸುಟ್ಟಿದೆ. ಬರೀ ಗುಂಯ್ ಅಂತ ಒಂದೇ ಸಮನೆ ನರಳಿದರೆ ಕರೆಂಟ್ ಬರುತ್ತಿದೆ, ಆದರೆ ಪಂಪಿನ ಚಕ್ರ ಸಿಕ್ಕಿಹಾಕಿಕೊಂಡಿದೆ. ಜೋರಾಗಿ, ಆರಾಮಾಗಿ ತಿರುಗುವ ಸದ್ದು ಬಂದರೂ ನೀರು ಅಲ್ಲಾಡದಿದ್ದರೆ ಮುಂದಿನ ದಾರಿ ಮುಚ್ಚಿದೆ, ಇಲ್ಲವೇ ಚಕ್ರ ಅಚ್ಚಿನಿಂದ ಕಳಚಿ ಒಂದು ಕಡೆ ಕೂತಿದೆ.

ನನ್ನದು ಗುಂಯ್ ಅಂತಿತ್ತು. ನಡುವೆ ಒಂದೆರಡು ಸಲ ಟಿಕ್ ಟಿಕ್ ಅಂದಿತು. ಆ ಟಿಕ್ ಕೇಳಿದಾಗಲೇ ನನಗೆ ಒಡೆದ ಲೋಟ ನೆನಪಾಗಬೇಕಿತ್ತು, ಆಗಲಿಲ್ಲ.

ಮತ್ತೆ ಪ್ಲಗ್ ಕಿತ್ತು, ನೀರು ಮೊಗೆದು, ಫಿಲ್ಟರ್ ತೆಗೆದು ಟಾರ್ಚ್ ಬಿಟ್ಟು ನೋಡಿದೆ. ಗುಂಡಿಯ ಒಂದು ಪಕ್ಕದಲ್ಲಿ ಸಣ್ಣ ಪ್ಲಾಸ್ಟಿಕ್ ಮುಚ್ಚಳ ಇತ್ತು, ಅದರ ಹಿಂದೆ ಪಂಪು. ಕೆಲವು ಯಂತ್ರಗಳಲ್ಲಿ ಅದನ್ನು ಚಮಚದ ಹಿಡಿಯಿಂದ ಮೀಟಿದರೆ ಬರುತ್ತದೆ, ಕೆಲವದರಲ್ಲಿ ಒಂದು ಸ್ಕ್ರೂ ಇರುತ್ತದೆ. ಇನ್ನು ಕೆಲವದರಲ್ಲಿ ಮೇಲಿನಿಂದ ದಾರಿಯೇ ಇಲ್ಲ, ಯಂತ್ರ ಹೊರಗೆಳೆದು ಕೆಳಗಿನಿಂದ ಕೈ ಹಾಕಬೇಕು. ನನ್ನ ಪುಣ್ಯ, ಮೀಟಿದರೆ ಬಂತು.

ಒಳಗೆ ಉಗುರಿನಷ್ಟು ಅಗಲದ ಗಾಜಿನ ಚೂರು, ಚಕ್ರದ ಎಲೆ ಮತ್ತು ಗೋಡೆಯ ನಡುವೆ ಅಚ್ಚುಕಟ್ಟಾಗಿ ಕೂತಿತ್ತು. ಪಕ್ಕದಲ್ಲಿ ಎರಡು ನಿಂಬೆ ಬೀಜ. ಒಂದು ತಿಂಗಳ ಹಿಂದೆ ಒಳಗೇ ಒಂದು ಲೋಟ ಒಡೆದಿತ್ತು, ದೊಡ್ಡ ಚೂರು ಹೆಕ್ಕಿ ಸುಮ್ನೆ ಆಗಿದ್ದೆ. ಬಹುಶಃ ಫಿಲ್ಟರ್ ತೊಳೆಯಲು ಎತ್ತಿದಾಗ ಈ ಚೂರು ನೇರ ಕೆಳಗೆ ಬಿದ್ದಿರಬೇಕು. ಅಂದರೆ ರಿಪೇರಿ ಮಾಡಲು ಹೋಗಿ ಕೆಡಿಸಿದ್ದೂ ನಾನೇ, ಅಲ್ವಾ? ಇಲ್ಲಿ ಬರಿಗೈ ಹಾಕಬೇಡಿ. ಇಕ್ಕಳ ಬಳಸಿ. ಕೊಳಕು ನೀರಿನಲ್ಲಿ ಗಾಜು ಕಣ್ಣಿಗೆ ಕಾಣುವುದಿಲ್ಲ.

ಚೂರು ತೆಗೆದ ಮೇಲೆ ಚಕ್ರವನ್ನು ಒಂದು ಕಡ್ಡಿಯಿಂದ ತಿರುಗಿಸಿ ನೋಡಿದೆ. ಅದು ನುಣ್ಣಗೆ ತಿರುಗಲಿಲ್ಲ, ಎಳೆದು ಎಳೆದು ಒಂದೊಂದು ಹೆಜ್ಜೆ ಇಟ್ಟ ಹಾಗೆ ತಿರುಗಿತು. ಇನ್ನೂ ಏನೋ ಸಿಕ್ಕಿದೆ ಅಂತ ಅರ್ಧ ಗಂಟೆ ಹುಡುಕಿದೆ. ಏನೂ ಇರಲಿಲ್ಲ. ಈ ಪಂಪುಗಳ ಒಳಗಿನ ತಿರುಗುವ ಭಾಗ ಕಾಯಂ ಅಯಸ್ಕಾಂತ, ಹಾಗಾಗಿ ಅದು ಹಿಡಿದು ಬಿಟ್ಟು ಹಿಡಿದು ಬಿಟ್ಟು ತಿರುಗುವುದೇ ಸರಿ. ಏನೂ ತಡೆಯಿಲ್ಲದೆ ಗಿರಗಿರ ತಿರುಗಿದರೇ ಅನುಮಾನ ಪಡಬೇಕು, ಆಗ ಎಲೆಗಳು ಅಯಸ್ಕಾಂತದಿಂದ ಬಿಟ್ಟುಕೊಂಡಿರಬಹುದು.

ನಿಮ್ಮ ಪಂಪು ಸದ್ದೇ ಮಾಡದಿದ್ದರೆ ಮಲ್ಟಿಮೀಟರ್ ತೆಗೆಯಿರಿ. ಪ್ಲಗ್ ಕಿತ್ತ ಮೇಲೆ ಪಂಪಿನ ಎರಡು ತಂತಿ ಬಿಡಿಸಿ ಓಮ್ (ಅಂದರೆ ಸುರುಳಿಯ ವಿದ್ಯುತ್ ತಡೆ) ನೋಡಿ. 230 ವೋಲ್ಟ್‌ನ ಮಾಮೂಲಿ ಪಂಪಾದರೆ ನೂರು ಇನ್ನೂರು ಓಮ್ ಆಸುಪಾಸು ತೋರಿಸುತ್ತದೆ, 120 ವೋಲ್ಟ್‌ನದಾದರೆ ಅದಕ್ಕಿಂತ ಕಡಿಮೆ. ಮೀಟರ್ ಏನೂ ತೋರಿಸದೆ ಸುಮ್ಮನಿದ್ದರೆ ಸುರುಳಿ ಕಡಿದಿದೆ, ಪಂಪು ಬದಲಿಸಿ. ಎಲೆಕ್ಟ್ರಾನಿಕ್ ಬೋರ್ಡ್ ನಡೆಸುವ ಬ್ರಷ್‌ಲೆಸ್ ಪಂಪಿಗೆ ಈ ಲೆಕ್ಕ ನಡೆಯುವುದಿಲ್ಲ.

ಸರಿ, ನನ್ನ ಕಥೆಗೆ ಬರೋಣ. ಮುಚ್ಚಳ ಹಾಕಿ ಓಡಿಸಿದೆ. ಗುಂಯ್ ನಿಂತಿತು, ಪಂಪು ಚೆನ್ನಾಗಿ ತಿರುಗಿತು. ನೀರು ಇಳಿಯಿತು ನಿಜ, ಆದರೆ ಮುದುಕರು ಮೆಟ್ಟಿಲು ಇಳಿದ ಹಾಗೆ. ಎರಡು ಲೀಟರ್ ನೀರಿಗೆ ಎರಡು ಮೂರು ನಿಮಿಷ.

ಆಗ ಬಕೆಟ್ ಪರೀಕ್ಷೆ ಮಾಡಿದೆ. ನಿಜ ಹೇಳಬೇಕೆಂದರೆ ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇದು, ಏನೂ ಬಿಚ್ಚುವ ಮುಂಚೆ. ಸಿಂಕಿನ ಕೆಳಗೆ ಡಿಶ್‌ವಾಶರ್ ಪೈಪು ಸೇರುವ ಮೂತಿಯಿಂದ ಅದನ್ನು ಕಳಚಿ, ತುದಿಯನ್ನು ಬಕೆಟ್‌ಗೆ ಹಿಡಿದು ನೀರು ಹೊರಹಾಕಿಸಿ. ಜೋರಾಗಿ ಬಂದರೆ ಯಂತ್ರದಲ್ಲಿ ದೋಷ ಇಲ್ಲ, ದೋಷ ಸಿಂಕಿನ ಕಡೆ. ಬರದಿದ್ದರೆ ಅಥವಾ ತೊಟ್ಟಿಕ್ಕಿದರೆ ಪಂಪು ಇಲ್ಲವೇ ಪೈಪು. ಒಂದೇ ಎಚ್ಚರಿಕೆ, ಬಕೆಟ್ಟನ್ನು ಎತ್ತರದಲ್ಲೇ ಇಡಿ, ಮೊದಲು ಪೈಪು ಸೇರಿದ್ದಷ್ಟೇ ಎತ್ತರದಲ್ಲಿ. ನೆಲದ ಮೇಲಿಟ್ಟರೆ ನೀರು ಒಮ್ಮೆ ಹರಿಯಲು ಶುರುವಾದ ಮೇಲೆ ತಾನಾಗಿ ಇಳಿದುಬಿಡುತ್ತದೆ, ಸೋತ ಪಂಪು ಕೂಡ ಪೈಲ್ವಾನನ ಹಾಗೆ ಕಾಣುತ್ತದೆ. ಮತ್ತೆ ಪೈಪನ್ನು ಗಟ್ಟಿಯಾಗಿ ಹಿಡಿಯಿರಿ. ನಾನು ಹಿಡಿಯಲಿಲ್ಲ, ಅಂಗಿ ಬದಲಿಸಬೇಕಾಯಿತು.

ಅಷ್ಟು ಜೋರಾಗಿ ಬಂತು ನೀರು. ಹಾಗಾದರೆ ತಡೆ ಎಲ್ಲಿ? ಸಿಂಕಿನ ಮೂತಿಯೊಳಗೆ ಬೆರಳು ಹಾಕಿದರೆ ಗಟ್ಟಿ ಜಿಡ್ಡು, ಮೇಣದ ಹಾಗೆ. ನಡುವೆ ಕಡ್ಡಿ ಹೋಗುವಷ್ಟೇ ತೂತು ಉಳಿದಿತ್ತು. ಬಿಸಿಯಾಗಿ ಕರಗಿ ಬಂದ ಜಿಡ್ಡು ತಣ್ಣಗಿನ ಪ್ಲಾಸ್ಟಿಕ್ ತಾಗಿದ ಕೂಡಲೇ ಅಂಟಿಕೊಂಡು ಬೆಳೆಯುತ್ತಾ ಬಂದಿದೆ. ಸ್ಕ್ರೂಡ್ರೈವರ್‌ನಲ್ಲಿ ಕೆರೆದು ತೆಗೆದೆ. ಡ್ರೈನ್ ಕ್ಲೀನರ್ ಸುರಿಯುವ ಯೋಚನೆ ಬಂದರೆ ಬಿಟ್ಟುಬಿಡಿ, ಡಿಶ್‌ವಾಶರ್ ಒಳಗಂತೂ ಬೇಡವೇ ಬೇಡ. ಅದು ಸೀಲುಗಳನ್ನು ಹಾಳುಮಾಡಬಹುದು, ಆಮೇಲೆ ನೀವು ಕೈ ಹಾಕುವುದು ಅದೇ ನೀರಿಗೆ. (ಹೊಸದಾಗಿ ಸಿಂಕಿಗೆ ತ್ಯಾಜ್ಯ ಅರೆಯುವ ಯಂತ್ರ ಕೂರಿಸಿದ ಮನೆಗಳಲ್ಲಿ ಇನ್ನೊಂದು ತಮಾಷೆ ಇದೆ. ಡಿಶ್‌ವಾಶರ್ ಪೈಪು ಸೇರುವ ಕಡೆ ಅದರಲ್ಲಿ ಕಾರ್ಖಾನೆಯಿಂದಲೇ ಒಂದು ಬಿರಡೆ ಇರುತ್ತದೆ. ಅದನ್ನು ಒಡೆದು ತೆಗೆಯಲು ಮರೆತರೆ ಮೊದಲ ದಿನದಿಂದಲೇ ಒಂದು ಹನಿಯೂ ಹೋಗುವುದಿಲ್ಲ.)

ಮುಗಿಯಿತು ಅಂದುಕೊಂಡು, ಕೆಲಸಕ್ಕೆ ಅಂತ ಹೊರಗೆಳೆದಿದ್ದ ಯಂತ್ರವನ್ನು ಕಟ್ಟೆ ಕೆಳಗೆ ತಳ್ಳಿದೆ. ಓಡಿಸಿದೆ. ನೀರು ಮತ್ತೆ ನಿಂತಿತು. ಆ ಹೊತ್ತಿಗೆ ನಾನಾಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಟಾರ್ಚ್ ಬಿಟ್ಟರೆ ಪೈಪು ಯಂತ್ರದ ಹಿಂದೆ ಮಡಚಿ ಚಪ್ಪಟೆಯಾಗಿತ್ತು, ತಳ್ಳುವಾಗ ನಾನೇ ಮಡಚಿದ್ದು. ಹಾಗಾಗಿ ತಳ್ಳುವಾಗ ಇನ್ನೊಂದು ಕೈಯಲ್ಲಿ ಸಿಂಕಿನ ಕಡೆಯಿಂದ ಪೈಪನ್ನು ನಿಧಾನ ಎಳೆದುಕೊಳ್ಳುತ್ತಾ ಬನ್ನಿ. ಪೈಪು ಒಮ್ಮೆ ಕಟ್ಟೆಯ ಅಡಿಯವರೆಗೆ ಮೇಲೆ ಹೋಗಿ ಆಮೇಲೆ ಇಳಿಯಬೇಕು, ಇಲ್ಲದಿದ್ದರೆ ಸಿಂಕಿನ ಕೊಳಕು ನೀರು ಹಿಂದಕ್ಕೆ ಬರುತ್ತದೆ. ಅದನ್ನು ನೋಡಿ ಪಂಪು ಕೆಟ್ಟಿದೆ ಅಂದುಕೊಳ್ಳುವುದು ಬಹಳ ಸುಲಭ.

ಸರಿಪಡಿಸಿ ಮತ್ತೆ ಎರಡು ಲೀಟರ್ ಸುರಿದೆ. ಅರ್ಧ ನಿಮಿಷದೊಳಗೆ ಖಾಲಿ.

ಕೊನೆಗೊಂದು ಸಣ್ಣ ಕಿರಿಕಿರಿ ಉಳಿಯಿತು. ಸಿಂಕಿನ ಮೂತಿಗೆ ಹಳೇ ಕ್ಲಿಪ್ಪನ್ನೇ ಹಾಕಿದ್ದೆ, ರಾತ್ರಿ ಅಲ್ಲಿಂದ ಹನಿ ಬಿತ್ತು. ಸ್ಕ್ರೂ ತಿರುಗಿಸಿ ಬಿಗಿಯುವ ಕ್ಲಿಪ್ ತಂದು ಹಾಕಿ, ಕೆಳಗೆ ಒಂದು ಕಾಗದ ಹಾಸಿ, ಪೂರ್ತಿ ಪ್ರೋಗ್ರಾಂ ಓಡಲು ಬಿಟ್ಟು ಮಲಗಿದೆ. ಬೆಳಿಗ್ಗೆ ಕಾಗದ ಒಣಗಿಯೇ ಇತ್ತು.