ಅವನು ಊಟ ಎಲ್ಲಿ ಮಾಡಿದ?

ಕಳೆದ ಭಾನುವಾರ ಸಾಗರಕ್ಕೆ ಹೋಗಿದ್ದೆ. ಕಾಫಿ ಲೋಟ ಮುಂದಿಟ್ಟು ಚಿಕ್ಕಮ್ಮ ಕೇಳಿದಳು: "ಅಲ್ಲೋ ಮಾರಾಯ, ಆಮೇಲೆ ಅವನು ಊಟ ಎಲ್ಲಿ ಮಾಡಿದ?"

ಯಾರು ಅಂತ ಹೊಳೆಯಲೇ ಇಲ್ಲ. ಆಮೇಲೆ ಗೊತ್ತಾಯಿತು. ನನ್ನ ಕತೆಯ ಮುದುಕ!

ಆ ಕತೆಯ ಬಗ್ಗೆ ಸ್ವಲ್ಪ ಕೊಚ್ಚಿಕೊಳ್ಳುತ್ತೇನೆ, ಸಹಿಸಿಕೊಳ್ಳಿ. ಶಿವಮೊಗ್ಗ–ತಾಳಗುಪ್ಪ ನಡುವೆ ಮೀಟರ್‌ಗೇಜ್ ಹಳಿಯ ಮೇಲೆ ರೈಲ್‌ಬಸ್ಸು, ಅಂದರೆ ಬಸ್ಸಿನಂಥ ಪುಟ್ಟ ರೈಲು, ಓಡುತ್ತಿದ್ದ ಕಾಲದ್ದು. ತಾಳಗುಪ್ಪದವರೆಗೆ ಬ್ರಾಡ್‌ಗೇಜ್ ಆಗಿದ್ದು 2011ರಲ್ಲಿ. ಈಗಿನ ಹುಡುಗರು ರೈಲ್‌ಬಸ್ಸು ಅಂದರೆ ನಾನೇ ಕಟ್ಟಿದ ಕತೆ ಅಂದುಕೊಳ್ಳುತ್ತಾರೆ. ಆನಂದಪುರ ಸ್ಟೇಷನ್ನಿನ ಬೆಂಚಿನ ಮೇಲೆ ಮುದುಕ, ಪಕ್ಕದಲ್ಲಿ ಮಗಳ ಮನೆಗೆಂದು ತಂದ ಹಲಸಿನಹಣ್ಣು. ಕೊನೆಯ ಸಾಲು ಇಷ್ಟೇ: ‘ರೈಲ್‌ಬಸ್ಸು ಬಂತು. ಅವನು ಏಳಲಿಲ್ಲ.’

ಇಷ್ಟಕ್ಕೆ ನನಗೆ ಹನ್ನೊಂದು ದಿನ ಹಿಡಿದಿತ್ತು. ಮೊದಲು ಅಲ್ಲಿ ಮಗಳ ಕಾಗದ, ಮಳೆ, ಕಣ್ಣೀರು ಎಲ್ಲ ಇತ್ತು. ಒಂದು ಪುಟ ಪೂರ್ತಿ ಹೊಡೆದುಹಾಕಿದೆ. ಸಂಕಲನದಲ್ಲಿ ಹದಿನಾಲ್ಕು ಕತೆ ಇವೆ. ಬರೆದವನಿಗೆ ಎಲ್ಲವೂ ಮಕ್ಕಳಿದ್ದ ಹಾಗೆ ಅನ್ನುತ್ತಾರೆ. ಸುಳ್ಳು. ನನಗೆ ಇದೊಂದೇ. ಕೆಲವು ರಾತ್ರಿ ಪುಸ್ತಕ ತೆಗೆದು, ಯಾರೋ ಬರೆದದ್ದು ಅನ್ನೋ ಹಾಗೆ ಓದಿ, ಒಬ್ಬನೇ ನಗುತ್ತೇನೆ. ‘ಮತ್ತೆ ಅದೇನಾ?’ ಅಂತ ಹೆಂಡತಿ ಮಗ್ಗುಲು ಬದಲಿಸುತ್ತಾಳೆ. ಮಾಸ್ತಿಯವರು ಅಷ್ಟೊಂದು ಕತೆ ಬರೆದೂ ‘ಶ್ರೀನಿವಾಸ’ ಅನ್ನುವ ಹೆಸರಿನ ಹಿಂದೆ ನಿಂತರು. ನನ್ನ ಪುಸ್ತಕದ ಹಿಂಬದಿಯಲ್ಲಿ ಮುಕ್ಕಾಲು ಪಾಲು ನನ್ನ ಫೋಟೋ.

"ಚಿಕ್ಕಮ್ಮ, ಕತೆ ಅಲ್ಲಿಗೇ ಮುಗೀತು. ಅವನು ಯಾಕೆ ಏಳಲಿಲ್ಲ ಅಂತ ಓದಿದವರು ಯೋಚನೆ ಮಾಡ್ಬೇಕು."

"ಯಾಕೆ ಏಳಲಿಲ್ಲ ಅಂತ ನಂಗೆ ಗೊತ್ತು. ಬೇಡ ಅನ್ನೋ ಮನೆಗೆ ಯಾರು ಹೋಗ್ತಾರೆ? ನಾ ಕೇಳಿದ್ದು ಊಟ."

ಬೆಂಗಳೂರಿನ ಗೆಳೆಯನೊಬ್ಬ ಇದೇ ಕೊನೆಯ ಬಗ್ಗೆ ಮೂರು ಪ್ಯಾರಾ ಬರೆದಿದ್ದ. ‘ಅಸ್ತಿತ್ವದ ನಿಶ್ಚಲತೆ’ ಅಂತೆ. ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ, ಅರ್ಥ ಮಾತ್ರ ಇನ್ನೂ ಆಗಿಲ್ಲ. ಚಿಕ್ಕಮ್ಮನಿಗೆ ಅದು ಒಂದೇ ಸಾಲಿಗೆ ಮುಗಿದು, ಮುಂದಿನ ಚಿಂತೆ ಶುರುವಾಗಿತ್ತು.

ಪಂಚಾಂಗ ಬಿಟ್ಟು ಬೇರೇನೂ ಓದದ ಚಿಕ್ಕಪ್ಪ ಒಳಗಿಂದಲೇ ಅಂದರು: "ಹಲಸಿನಹಣ್ಣು ಇತ್ತಲ್ಲ, ತಿಂದಿರ್ತಾನೆ ಬಿಡು."

"ಕತ್ತಿ ಎಲ್ಲಿತ್ತು? ಕೈಗೆ ಹಚ್ಚೋಕೆ ಎಣ್ಣೆ ಎಲ್ಲಿತ್ತು?"

ನಿಜ. ಹನ್ನೊಂದು ದಿನದಲ್ಲಿ ಎಣ್ಣೆಯ ನೆನಪೇ ನನಗೆ ಬಂದಿರಲಿಲ್ಲ.

ರಾತ್ರಿ ರೈಲು ಆನಂದಪುರದಲ್ಲಿ ನಿಂತಾಗ ಬಾಗಿಲ ಬಳಿ ಹೋಗಿ ನಿಂತೆ. ನಾಚಿಕೆಗೇಡು, ನಾನೇ ಹುಟ್ಟಿಸಿದವನನ್ನು ಹುಡುಕುತ್ತಿದ್ದೆ. ಇಷ್ಟು ವರ್ಷ ಮುದುಕನ ಮೇಲೆ ಪ್ರೀತಿ ಅಂದುಕೊಂಡಿದ್ದೆನಲ್ಲ, ಅದು ನನ್ನ ಎರಡು ವಾಕ್ಯದ ಮೇಲಿನ ಪ್ರೀತಿ. ಅವನನ್ನು ಬೆಂಚಿನ ಮೇಲೆ ಕೂರಿಸಿ, ಚೆನ್ನಾಗಿ ಕಾಣ್ತಾನೆ ಅಂತ ಎದ್ದು ಬಂದಿದ್ದೆ. ಹಸಿವಾಗುತ್ತೆ ಅಂತ ಅನ್ನಿಸಿದ್ದು ಚಿಕ್ಕಮ್ಮನಿಗೆ.

ಕತೆಗೆ ಒಂದಕ್ಷರವನ್ನೂ ಸೇರಿಸುವುದಿಲ್ಲ. ಅಷ್ಟು ಜಂಬ ಇನ್ನೂ ಇದೆ. ಆದರೆ ಬುಧವಾರ ಫೋನ್ ಮಾಡಿದೆ.

"ಚಿಕ್ಕಮ್ಮ, ಅವನು ಗ್ಯಾಂಗ್‌ಮನ್ ಮನೇಲಿ ಊಟ ಮಾಡಿದ. ಗಂಜಿ, ಮಾವಿನಮಿಡಿ ಉಪ್ಪಿನಕಾಯಿ."

ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಅಪ್ಪೆಮಿಡಿದಾ?"