ಕೊಯ್ಲು ಮುಗಿದ ಮೇಲೆ

ಕೊಡಗಿನ ಜೇನುಕುರುಬ, ಬೆಟ್ಟಕುರುಬ, ಯರವ ಆದಿವಾಸಿ ಹೆಂಗಸರ ಮುಖ್ಯ ದುಡಿಮೆ ಕಾಫಿ ತೋಟದ ಕೂಲಿ. ಅರೇಬಿಕಾ ಕಾಫಿಯ ಕೊಯ್ಲು ನವೆಂಬರಿನಿಂದ, ರೋಬಸ್ಟಾ ಕಾಫಿಯದು ಜನವರಿಯಿಂದ ಮಾರ್ಚ್‌ವರೆಗೆ. ಕೊಯ್ಲಿನಲ್ಲಿ ಸಾಮಾನ್ಯವಾಗಿ ಕೆ.ಜಿ. ಲೆಕ್ಕ, ಹಾಗಾಗಿ ತಕ್ಕಡಿಯ ಮುಳ್ಳನ್ನು ಕೊಯ್ದವಳೇ ನೋಡಬೇಕು. ಉದುರಿದ ಕಾಯಿ ಹೆಕ್ಕುವುದಕ್ಕೆ ಹೊತ್ತು ಹೆಚ್ಚು, ತೂಕ ಕಮ್ಮಿ. ಬಿಟ್ಟರೆ ಅದರಲ್ಲೇ ಕಾಯಿಕೊರಕ ಹುಳು ಉಳಿಯುತ್ತದೆ. ಹಾಗಾಗಿ ಹೆಕ್ಕುವ ಕೆಲಸಕ್ಕೆ ದಿನಗೂಲಿ ಕೊಡುವುದೇ ನ್ಯಾಯ.

ಕಾಡಿನ ಸೀಗೆಯೂ ಇದೇ ಬೇಸಿಗೆಯ ಬೆಳೆ. ಮುಳ್ಳುಬಳ್ಳಿ, ದೋಟಿಯಿಂದ ಗೊಂಚಲು ಮಾತ್ರ ಎಳೆಯಬೇಕು. ಬಳ್ಳಿ ಕಡಿದರೆ ಮುಂದಿನ ವರ್ಷ ಕಾಯಿಯಿಲ್ಲ. ಅಲ್ಲಾಡಿಸಿದರೆ ಬೀಜ ಗಲಗಲ ಅನ್ನುವಷ್ಟು ಒಣಗಿಸಿ. ಹಸಿ ಉಳಿದರೆ ಚೀಲದಲ್ಲೇ ಬೂಸ್ಟು ಹಿಡಿದು ಬೆಲೆ ಬೀಳುತ್ತದೆ. ಕಿರು ಅರಣ್ಯ ಉತ್ಪನ್ನ ಸಂಗ್ರಹಿಸಿ ಮಾರುವ ಹಕ್ಕು 2006ರ ಅರಣ್ಯ ಹಕ್ಕು ಕಾಯ್ದೆಯಲ್ಲೇ ಇದೆ. ಲ್ಯಾಂಪ್ಸ್ ಸೊಸೈಟಿಯ (ಆದಿವಾಸಿಗಳ ಸಹಕಾರ ಸಂಘ) ದರ ಕೇಳದೆ ದಲ್ಲಾಳಿಗೆ ಕೊಡಬೇಡಿ.

ಕಷ್ಟ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ. ತೋಟದಲ್ಲಿ ಕೆಲಸ ಕಮ್ಮಿ, ಕೈಗೆ ಸಿಗುವುದು ಕಣಿಲೆ (ಎಳೆ ಬಿದಿರು), ಅಣಬೆ. ಕಣಿಲೆಯನ್ನು ತೆಳ್ಳಗೆ ಹೆಚ್ಚಿ, ದಿನವೂ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ, ಚೆನ್ನಾಗಿ ಬೇಯಿಸಬೇಕು. ಹಸಿಯದರಲ್ಲಿ ವಿಷದಂಶವಿದೆ. ಈ ತಿಂಗಳುಗಳಿಗೆಂದೇ ಬೇಸಿಗೆಯ ಸೀಗೆ ದುಡ್ಡನ್ನು ಸ್ವಸಹಾಯ ಸಂಘದಲ್ಲಿ ಕಟ್ಟಿಟ್ಟರೆ ತೋಟದಿಂದ ಮುಂಗಡ ಸಾಲ ತರುವುದು ತಪ್ಪುತ್ತದೆ.